ಬಂಗಾಳದ ಹೆಸರಿಗೆ ಇಂಗ್ಲಿಷ್ ದಲ್ಲಾಳಿ ಏಕೆ?

ಕೋಲ್ಕತ್ತದ ಕಾಳಿಘಾಟ್ ಕನ್ನಡ ಪತ್ರಿಕೆಗಳಿಗೆ ಹೊಸ ಹೆಸರಲ್ಲ. ಮಮತಾ ಬ್ಯಾನರ್ಜಿ ಅವರ ಮನೆ ಅಲ್ಲಿರುವುದರಿಂದ ಬಂಗಾಳದ ರಾಜಕೀಯ ಬಿಸಿಯೇರಿದಾಗಲೆಲ್ಲ ಆ ಹೆಸರು ಸುದ್ದಿಯಲ್ಲಿ ಕಾಣಿಸುತ್ತದೆ. ಅಚ್ಚಿನಲ್ಲಿ ಒಮ್ಮೊಮ್ಮೆ ಕಾಲಿಘಾಟ್ ಆಗುವುದುಂಟು, ಕಾಳಿಘಟ್ ಆಗುವುದೂ ಉಂಟು. ಆದರೆ ಹೆಚ್ಚಿನ ಸಲ ಹೆಸರು ಸರಿಯಾಗಿಯೇ ಇರುತ್ತದೆ. ಸುದ್ದಿಮನೆಯ ಮೇಜಿಗೆ ಅದು ಬರುವುದು ಇಂಗ್ಲಿಷಿನಲ್ಲಿ. ಇಂಗ್ಲಿಷಿಗೆ ಲ ಮತ್ತು ಳ ಎಂಬ ಭೇದವೇ ಗೊತ್ತಿಲ್ಲ. ಆದರೂ ಬರೆಯುವವರ ಕೈ ತಾನಾಗಿ ಳಕಾರಕ್ಕೆ ಹೋಗುತ್ತದೆ. ಕಾಳಿ ಯಾರೆಂದು ಗೊತ್ತು, ಕಾಳಿದಾಸ ಗೊತ್ತು, ದಾಂಡೇಲಿಯ ಕಾಳಿ ನದಿ ಗೊತ್ತು, ಊರ ಗಡಿಯ ಕಾಳಮ್ಮ ಗೊತ್ತು. ಗೊತ್ತಿರುವ ಹೆಸರನ್ನು ಬರೆಯುವಾಗ ಕನ್ನಡ ಯಾರ ಕಾಗುಣಿತವನ್ನೂ ಕೇಳುವುದಿಲ್ಲ.

ಬಂಗಾಳಿಯಲ್ಲಿ ಳ ಇಲ್ಲ ನಿಜ. ಸಂಸ್ಕೃತದಲ್ಲೂ ಅದು ಕಾಲೀ. ಆದರೆ ಸಂಸ್ಕೃತದ ಲಕಾರ ಕನ್ನಡದ ಬಾಯಲ್ಲಿ ಳಕಾರವಾಗುವುದು ಇಂದು ನಿನ್ನೆಯದಲ್ಲ. ಮಂಗಲ ಮಂಗಳವಾಯಿತು, ಧವಲ ಧವಳವಾಯಿತು, ನಲ ನಳನಾದ. 13ನೇ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಈ ಬಗೆಯ ಳಕಾರವನ್ನು ಬೇರೆಯಾಗಿ ಗುರುತಿಸಿ ಕ್ಷಳ ಎಂದು ಹೆಸರಿಟ್ಟಿದ್ದಾನೆ. ಹೀಗಾಗಿ ಕಾಳಿಘಾಟ್ ಎಂಬ ಬರಹ ತಪ್ಪಲ್ಲ. ಅದು ಕನ್ನಡ ತನ್ನ ನಿಯಮದಂತೆ ಒಳಗೆ ಕರೆದುಕೊಂಡ ಹೆಸರು.

ತೊಂದರೆ ಶುರುವಾಗುವುದು ಅಲ್ಲಿಂದ ಒಂದು ನಿಲ್ದಾಣ ಮುಂದೆ ಹೋದಾಗ. ದೇಶದ ಮೊದಲ ಮೆಟ್ರೊ ಓಡಿದ್ದು ಕೋಲ್ಕತ್ತದಲ್ಲಿ, 1984ರ ಅಕ್ಟೋಬರ್ 24ರಂದು. 1986ರಲ್ಲಿ ಅದು ಟಾಲಿಗಂಜ್‌ವರೆಗೆ ಬೆಳೆದಾಗ ಕಾಳಿಘಾಟ್ ನಿಲ್ದಾಣವೂ ತೆರೆಯಿತು. ದಕ್ಷಿಣಕ್ಕೆ ಹೊರಟರೆ ಮುಂದಿನ ನಿಲ್ದಾಣದ ಇಂಗ್ಲಿಷ್ ಫಲಕ ಹೇಳುವುದು ರಬೀಂದ್ರ ಸರೋಬರ್ ಎಂದು. ಬಂಗಾಳಿಯಲ್ಲಿ ಬ ಮತ್ತು ವ ಎರಡಕ್ಕೂ ಒಂದೇ ಅಕ್ಷರ. ಉಚ್ಚಾರ ಬಕಾರದ್ದು, ಹೆಸರು ರವೀಂದ್ರ ಸರೋವರದ್ದು. ಬೆಂಗಳೂರಿನಲ್ಲಿ ರವೀಂದ್ರ ಕಲಾಕ್ಷೇತ್ರ ಕಟ್ಟಿದವರು ಅದನ್ನು ರಬೀಂದ್ರ ಕಲಾಕ್ಷೇತ್ರ ಎನ್ನಲಿಲ್ಲ. ಆದರೆ ಇಂಗ್ಲಿಷ್ ಪ್ರತಿಯಿಂದ ಕನ್ನಡಕ್ಕೆ ಇಳಿಯುವ ಪ್ರವಾಸ ಲೇಖನದಲ್ಲಿ ಸರೋವರ ಸರೋಬರ್ ಆಗಿಯೇ ಉಳಿಯುತ್ತದೆ. ಉತ್ತರಕ್ಕೆ ಹೊರಟರೆ ಸಿಗುವುದು ಜತಿನ್ ದಾಸ್ ಪಾರ್ಕ್. ಲಾಹೋರ್ ಜೈಲಿನಲ್ಲಿ 63 ದಿನ ಉಪವಾಸ ಮಾಡಿ 1929ರ ಸೆಪ್ಟೆಂಬರ್ 13ರಂದು ಪ್ರಾಣ ಬಿಟ್ಟ ಹೋರಾಟಗಾರನ ನೆನಪು ಅದು. ಅವನ ಹೆಸರು ಯತೀಂದ್ರನಾಥ ದಾಸ.

ಬಂಗಾಳದವರು ಯಕಾರವನ್ನು ಜಕಾರವಾಗಿ ಉಚ್ಚರಿಸುತ್ತಾರೆ. ಆದ್ದರಿಂದ ಜತಿನ್ ಎಂದು ಬರೆದರೆ ಕಿವಿಗೆ ಮೋಸವಿಲ್ಲ, ಅದನ್ನು ಒಪ್ಪಬಹುದು. ಒಪ್ಪಲಾಗದ್ದು ಬೇರೆ. ಬಂಗಾಳದವರು ಬರೆಯುವ ರೀತಿಗೂ ನುಡಿಯುವ ರೀತಿಗೂ ಹೊಂದದ, ನಡುವೆ ನಿಂತ ಇಂಗ್ಲಿಷ್ ದಲ್ಲಾಳಿ ಸೃಷ್ಟಿಸಿದ ಮೂರನೆಯ ಹೆಸರೊಂದು ಕನ್ನಡದ ಓದುಗನಿಗೆ ಸಿಗುತ್ತಿದೆ. ಈ ಲೇಖನದ ತಕರಾರು ಅದರ ಮೇಲೆ.

ಸುವೇಂದು ಅಧಿಕಾರಿ ಅವರ ಹೆಸರನ್ನೇ ನೋಡಿ. 2021ರಲ್ಲಿ ನಂದಿಗ್ರಾಮದಲ್ಲಿ ಮಮತಾ ಅವರನ್ನು ಸೋಲಿಸಿದ ದಿನದಿಂದ ಈ ಹೆಸರು ಕನ್ನಡ ಪತ್ರಿಕೆಗಳಲ್ಲಿ ಎಷ್ಟು ಸಲ ಅಚ್ಚಾಗಿದೆಯೋ ಲೆಕ್ಕವಿಲ್ಲ. ಸುವೇಂದು ಎಂದರೆ ಏನು? ಕನ್ನಡದಲ್ಲೂ ಸಂಸ್ಕೃತದಲ್ಲೂ ಏನೂ ಅಲ್ಲ. ಬಂಗಾಳಿ ಪತ್ರಿಕೆಯಲ್ಲಿ ಅಚ್ಚಾದ ಅಕ್ಷರಗಳನ್ನು ಒಂದೊಂದಾಗಿ ಕನ್ನಡಕ್ಕೆ ಇಳಿಸಿದರೆ ಸಿಗುವುದು ಶುಭೇಂದು. ಶುಭವಾದ ಚಂದ್ರ. ಹೆಸರು ತಟ್ಟನೆ ಬೆಳಗುತ್ತದೆ, ಹೈಸ್ಕೂಲು ಓದಿದ ಕನ್ನಡಿಗನಿಗೂ ಅರ್ಥವಾಗುತ್ತದೆ. ಶಕಾರ ಸಕಾರವಾದದ್ದು, ಭಕಾರ ವಕಾರವಾದದ್ದು ಇಂಗ್ಲಿಷ್ ಕಾಗುಣಿತದಿಂದ. ಬಂಗಾಳದವರು ಇಂಗ್ಲಿಷಿನಲ್ಲಿ ಬರೆಯುವಾಗ ಭಕಾರಕ್ಕೆ ಅನೇಕ ವೇಳೆ ‘ವಿ’ ಅಕ್ಷರ ಬಳಸುತ್ತಾರೆ. ಅದು ಅವರ ರೂಢಿ. ಕನ್ನಡದವರು ಅದನ್ನು ಓದುವಾಗ ‘ವಿ’ ಎಂದರೆ ವ ಎಂದೇ ತಿಳಿಯುತ್ತಾರೆ.

ಸೌರವ್ ಗಂಗೂಲಿಯ ಕಥೆಯೂ ಇದೇ. 1996ರಲ್ಲಿ ಲಾರ್ಡ್ಸ್‌ನಲ್ಲಿ ಶತಕ ಬಾರಿಸಿ ಟೆಸ್ಟ್ ಬದುಕು ಆರಂಭಿಸಿದ, ಅದೇ ಪಂದ್ಯದಲ್ಲಿ ರಾಹುಲ್ ದ್ರಾವಿಡ್ 95 ರನ್ ಗಳಿಸಿದ್ದನ್ನು ನೆನೆಯುವ ಕನ್ನಡಿಗರೆಲ್ಲ ಮರೆಯದ ಈ ಆಟಗಾರನ ಹೆಸರು ಬಂಗಾಳಿಯಲ್ಲಿ ಸೌರಭ. ಪರಿಮಳ ಎಂಬ ಅರ್ಥದ, ಕನ್ನಡದ ಮನೆಮನೆಗಳಲ್ಲಿ ಮಕ್ಕಳಿಗೆ ಇಡುವ ಅದೇ ಸೌರಭ. ಸೌರವ್ ಎಂಬ ಬರಹದಲ್ಲಿ ಆ ಪರಿಮಳ ಆವಿಯಾಗಿದೆ. ಇನ್ನು ಪ್ರಣಬ್ ಮುಖರ್ಜಿ. ಅಲ್ಲಿರುವುದು ಪ್ರಣವ, ಓಂಕಾರ. ಹೀಗೆ ವಕಾರ ಇರಬೇಕಾದ ಕಡೆ ಬಕಾರ ಬರುತ್ತದೆ, ಭಕಾರ ಇರಬೇಕಾದ ಕಡೆ ವಕಾರ ಬರುತ್ತದೆ. ಮೂರನ್ನೂ ಸ್ಪಷ್ಟವಾಗಿ ಬರೆಯಬಲ್ಲ ಲಿಪಿ ಕೈಯಲ್ಲಿದ್ದೂ ಮೂರನ್ನೂ ಕಲಸಿ ಬರೆಯಲಾಗುತ್ತಿದೆ.

ಕ್ರೀಡಾಪುಟದ ಇನ್ನೊಂದು ಹೆಸರು ಇದಕ್ಕಿಂತ ನೋವು ಕೊಡುವಂಥದ್ದು. ವಿಕೆಟ್‌ಕೀಪರ್ ವೃದ್ಧಿಮಾನ್ ಸಹಾ ಎಂದು ವರ್ಷಾನುಗಟ್ಟಲೆ ಬರೆದಾಯಿತು. ಅವರ ಹೆಸರು ಋದ್ಧಿಮಾನ್ ಸಾಹಾ. ಋದ್ಧಿ ಎಂದರೆ ಸಮೃದ್ಧಿ. ಋದ್ಧಿಮಾನ್ ಎಂದರೆ ಸಮೃದ್ಧಿಯುಳ್ಳವನು. ಇಂಗ್ಲಿಷಿನಲ್ಲಿ ಋಕಾರ ಇಲ್ಲದ್ದರಿಂದ ಅದರ ಮುಂದೆ ಒಂದು ‘ಡಬ್ಲ್ಯು’ ಸೇರಿಸಿ ಬರೆಯುತ್ತಾರೆ. ಕನ್ನಡದ ಉಪಸಂಪಾದಕರು ಆ ‘ಡಬ್ಲ್ಯು’ವನ್ನು ವಕಾರವೆಂದು ಓದಿ ವೃದ್ಧಿ ಮಾಡಿದರು. ಕನ್ನಡ ವರ್ಣಮಾಲೆಯಲ್ಲಿ ಋ ಇದೆ. ಋಷಿ, ಋಣ, ಋತು ಎಂದು ಒಂದನೇ ತರಗತಿಯಿಂದ ಮಕ್ಕಳು ತಿದ್ದುತ್ತಾರೆ. ಇಷ್ಟು ಅಪರೂಪವಾಗಿ ಕೆಲಸಕ್ಕೆ ಬರುವ ಅಕ್ಷರಕ್ಕೆ ಒಂದು ಒಳ್ಳೆಯ ಹೆಸರು ಸಿಕ್ಕಿತ್ತು, ಅದನ್ನೂ ಕಳೆದುಕೊಂಡೆವು.

ಒಂದೇ ಮನೆತನದ ಹೆಸರು ಎರಡು ಜಾತಿಯಾಗಿ ಹೋಗುವುದು ಇನ್ನೊಂದು ಬಗೆಯ ಅನ್ಯಾಯ. ಸತ್ಯಜಿತ್ ರೇ ಎನ್ನುತ್ತೇವೆ, ರಾಜಾ ರಾಮಮೋಹನ ರಾಯ್ ಎನ್ನುತ್ತೇವೆ. ಜುಲೈ 1ರಂದು ವೈದ್ಯರ ದಿನ ಆಚರಿಸುವಾಗ ಬಿಧಾನ್ ಚಂದ್ರ ರಾಯ್ ಅವರನ್ನು ನೆನೆಯುತ್ತೇವೆ. ಅರುಂಧತಿ ರಾಯ್ ಎನ್ನುತ್ತೇವೆ. ಬಂಗಾಳಿಯಲ್ಲಿ ಈ ನಾಲ್ವರದ್ದೂ ಒಂದೇ ಅಡ್ಡಹೆಸರು, ಒಂದೇ ಕಾಗುಣಿತ: ರಾಯ್. ಕನ್ನಡದ ರಾಯ, ರಾಯರು ಎಂಬುದರ ಒಡಹುಟ್ಟು. ಕೆಲವರು ಇಂಗ್ಲಿಷಿನಲ್ಲಿ ಒಂದು ರೀತಿ ಬರೆದುಕೊಂಡರು, ಕೆಲವರು ಇನ್ನೊಂದು ರೀತಿ. ಆ ಭೇದವನ್ನು ಕನ್ನಡ ನಿಷ್ಠೆಯಿಂದ ಹೊತ್ತು ತಂದು ರೇ ಬೇರೆ, ರಾಯ್ ಬೇರೆ ಎಂಬಂತೆ ಮಾಡಿತು. ಕನ್ನಡ ಚಿತ್ರಗಳಲ್ಲಿ ಹೆಸರು ಮಾಡಿದ ಐಂದ್ರಿತಾ ಅವರ ಹೆಸರಿನ ಮುಂದೆ ಒಮ್ಮೆ ರೇ, ಒಮ್ಮೆ ರೈ ಎಂದು ಕಾಣುತ್ತದೆ. ರೈ ಎಂದ ಕೂಡಲೇ ಓದುಗನ ಮನಸ್ಸು ಮಂಗಳೂರು, ಪುತ್ತೂರಿನ ಕಡೆಗೆ ಹೋಗುತ್ತದೆ.

ಬೋಸ್ ಮತ್ತು ಬಸು ಕೂಡ ಹಾಗೆಯೇ ಒಂದೇ ಹೆಸರು. ಸುಭಾಷಚಂದ್ರರೂ ಬಸು, ಜ್ಯೋತಿ ಬಸು ಅವರೂ ಬಸು. ದತ್ತರದ್ದು ಮತ್ತೊಂದು. ಸ್ವಾಮಿ ವಿವೇಕಾನಂದರ ಪೂರ್ವಾಶ್ರಮದ ಹೆಸರನ್ನು ಕನ್ನಡದವರು ನರೇಂದ್ರನಾಥ ದತ್ತ ಎಂದು ಚೊಕ್ಕವಾಗಿ ಬರೆಯುತ್ತಾರೆ. ಅದೇ ಅಡ್ಡಹೆಸರಿನ ಬೇರೆ ಯಾರಾದರೂ ಸುದ್ದಿಗೆ ಬಂದರೆ ದತ್, ದತ್ತಾ, ಡಟ್ಟಾ ಎಂದೆಲ್ಲ ಆಗುತ್ತಾರೆ. ವಿವೇಕಾನಂದರ ಹೆಸರು ಸರಿಯಾಗಿ ಬಂದದ್ದೇಕೆ, ಇವರದ್ದು ಕೆಟ್ಟದ್ದೇಕೆ? ಮೊದಲನೆಯದು ಬಂಗಾಳದಿಂದ ನೇರವಾಗಿ ಕನ್ನಡಕ್ಕೆ ಬಂತು. ಎರಡನೆಯದು ಇಂಗ್ಲಿಷ್ ಸುದ್ದಿಸಂಸ್ಥೆಯ ತಂತಿಯ ಮೂಲಕ ಬಂತು.

ನೇರವಾಗಿ ಬರುವ ದಾರಿ ಒಂದು ಕಾಲಕ್ಕೆ ಚೆನ್ನಾಗಿಯೇ ಇತ್ತು. ಕೊಳ್ಳೇಗಾಲದಲ್ಲಿ ಹುಟ್ಟಿದ ಬಿ. ವೆಂಕಟಾಚಾರ್ಯರು 19ನೇ ಶತಮಾನದ ಕೊನೆಯ ದಶಕಗಳಲ್ಲಿ ಬಂಗಾಳಿ ಕಲಿತು ಬಂಕಿಮಚಂದ್ರರ ಕಾದಂಬರಿಗಳನ್ನು ಕನ್ನಡಿಗರ ಕೈಗಿತ್ತರು. ‘ದುರ್ಗೇಶನಂದಿನಿ’, ‘ಆನಂದಮಠ’ಗಳ ಪಾತ್ರಗಳು, ಊರುಗಳು ಕನ್ನಡಕ್ಕೆ ಬಂದದ್ದು ಬಂಗಾಳಿ ಪುಟದಿಂದ. ರಾಮಕೃಷ್ಣ ಪರಂಪರೆಯ ನಂಟೂ ಅಂಥದೇ: ಕುವೆಂಪು ಅವರಿಗೆ ಬಂಗಾಳದ ಬೇಲೂರು ಮಠದಲ್ಲಿ ಸ್ವಾಮಿ ಶಿವಾನಂದರಿಂದ ದೀಕ್ಷೆಯಾಯಿತು. ರಾಮಕೃಷ್ಣಾಶ್ರಮದ ಕನ್ನಡ ಗ್ರಂಥಗಳಲ್ಲಿ ದಕ್ಷಿಣೇಶ್ವರ ದಕ್ಷಿಣೇಶ್ವರವಾಗಿಯೇ ಇದೆ, ಕಾಮಾರಪುಕುರ ಕಾಮಾರಪುಕುರವಾಗಿಯೇ ಇದೆ. ಆ ಪೀಳಿಗೆ ಶಾಂತಿನಿಕೇತನ ಎಂದು ಬರೆಯಿತು. ಇಂಗ್ಲಿಷ್ ಕಾಗುಣಿತದಲ್ಲಿ ಅದು ಸಕಾರದಿಂದ ಶುರುವಾಗುತ್ತದೆ, ಕೊನೆಗೆ ನಕಾರಕ್ಕೆ ಅರ್ಧ ನಿಂತುಬಿಡುತ್ತದೆ ಎಂಬುದನ್ನು ಅವರು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ಕೋಲ್ಕತ್ತಕ್ಕೂ ಕನ್ನಡದ ಕಾಗುಣಿತಕ್ಕೂ ಇರುವ ನಂಟು ಇನ್ನೂ ಹಳೆಯದು. ಕಾಳಿಘಾಟ್‌ನಿಂದ ಹೂಗ್ಲಿ ನದಿಯ ಮೇಲ್ಮುಖವಾಗಿ ಹೋದರೆ ಸಿಗುವ ಊರು ಶ್ರೀರಾಮಪುರ. ಅಲ್ಲಿನ ಮಿಷನ್ ಮುದ್ರಣಾಲಯದಲ್ಲಿ 1817ರಲ್ಲಿ ವಿಲಿಯಂ ಕೇರಿ ಇಂಗ್ಲಿಷಿನಲ್ಲಿ ಬರೆದ ಕನ್ನಡ ವ್ಯಾಕರಣ ಅಚ್ಚಾಯಿತು. ಅದರ ಹೆಸರಿನಲ್ಲಿ ನಮ್ಮ ಭಾಷೆ ‘ಕುರ್ನಾಟ’ ಎಂದಾಗಿದೆ. ಕೇರಿಯ ಕಾಲದ ಇಂಗ್ಲಿಷರು ನಮ್ಮ ಅಕಾರವನ್ನು ‘ಯು’ ಅಕ್ಷರದಿಂದ ಬರೆಯುತ್ತಿದ್ದರು. ಕಲ್ಕತ್ತಾದ ಇಂಗ್ಲಿಷ್ ಕಾಗುಣಿತದಲ್ಲೂ, ಬರ್ದ್ವಾನದ ಕಾಗುಣಿತದಲ್ಲೂ ಆ ‘ಯು’ ಕೂತಿದೆ. ಹುಬ್ಬಳ್ಳಿ ಇಂಗ್ಲಿಷಿನಲ್ಲಿ ಹುಬ್ಲಿಯಾದ ಕಥೆ ಗೊತ್ತಿರುವವರಿಗೆ ಇದರ ಸಂಕಟ ಬಿಡಿಸಿ ಹೇಳಬೇಕಿಲ್ಲ. ಕನ್ನಡ ಸಾಹಿತ್ಯ ಚರಿತ್ರೆಯ ಪುಸ್ತಕಗಳು ಶ್ರೀರಾಮಪುರವನ್ನು ಸೆರಾಂಪುರ ಎಂದು ಬರೆಯುತ್ತವೆ. ಕನ್ನಡ ವ್ಯಾಕರಣವೊಂದನ್ನು ಅಚ್ಚು ಹಾಕಿದ ಊರಿನ ಹೆಸರು ಶ್ರೀರಾಮಪುರ ಎಂದು ಕನ್ನಡದಲ್ಲಿ ಬರೆಯುವುದು ನಮಗೆ ಸಾಧ್ಯವಾಗಬೇಕಿತ್ತು.

ಭಾರತೀಯ ಹೆಸರುಗಳನ್ನು ರೋಮನ್ ಅಕ್ಷರಗಳಲ್ಲಿ ಬರೆಯುವುದು ಹೇಗೆ ಎಂಬ ಚರ್ಚೆಗೆ ಒಂದು ಗಟ್ಟಿ ರೂಪ ಸಿಕ್ಕಿದ್ದೂ ಕೋಲ್ಕತ್ತದಲ್ಲೇ. 1784ರಲ್ಲಿ ಏಷ್ಯಾಟಿಕ್ ಸೊಸೈಟಿ ಕಟ್ಟಿದ ನ್ಯಾಯಾಧೀಶ ವಿಲಿಯಂ ಜೋನ್ಸ್, ಸೊಸೈಟಿಯ ‘ಏಷ್ಯಾಟಿಕ್ ರಿಸರ್ಚಸ್’ನ ಮೊದಲ ಸಂಪುಟದಲ್ಲಿ, 1788ರಲ್ಲಿ, ಈ ವಿಷಯದ ಮೇಲೆಯೇ ದೀರ್ಘ ಪ್ರಬಂಧ ಬರೆದ. ಕಾಳಿಘಾಟ್‌ನ ಪಕ್ಕದಲ್ಲಿ ಹರಿಯುವ ಆದಿಗಂಗೆಯ ಆಚೆ ದಡದ ಆಲಿಪುರದಲ್ಲಿ, ರಾಷ್ಟ್ರೀಯ ಗ್ರಂಥಾಲಯದ ಆವರಣದಲ್ಲಿ, 1958ರಿಂದ ಭಾರತೀಯ ಭಾಷೆಗಳ ಪುಸ್ತಕಗಳ ರಾಷ್ಟ್ರೀಯ ಗ್ರಂಥಸೂಚಿ ಸಿದ್ಧವಾಗುತ್ತ ಬಂದಿದೆ. ಕನ್ನಡ, ಬಂಗಾಳಿ, ತಮಿಳು ಎಲ್ಲವನ್ನೂ ಅದು ರೋಮನ್ ಲಿಪಿಯಲ್ಲಿ ಕೊಟ್ಟಿತು. ಆದರೆ ಅಕ್ಷರದ ಮೇಲೆ ಗೆರೆ, ಕೆಳಗೆ ಚುಕ್ಕಿ ಇಟ್ಟು ದೀರ್ಘ ಯಾವುದು, ಳ ಯಾವುದು, ಣ ಯಾವುದು ಎಂದು ತೋರಿಸಿತು. ಪತ್ರಿಕೆಗಳ ಇಂಗ್ಲಿಷಿನಲ್ಲಿ ಆ ಗೆರೆಯೂ ಇಲ್ಲ, ಚುಕ್ಕಿಯೂ ಇಲ್ಲ. ವಿದ್ವಾಂಸರು ಎಚ್ಚರದಿಂದ ಉಳಿಸಿಕೊಂಡ ಮಾಹಿತಿ ಸುದ್ದಿಯ ಹಾದಿಯಲ್ಲಿ ಉದುರಿ ಹೋಗುತ್ತದೆ. ಉದುರಿದ್ದನ್ನು ಕನ್ನಡದ ಮೇಜಿನಲ್ಲಿ ಊಹೆಯಿಂದ ತುಂಬುತ್ತಾರೆ.

ಊಹೆ ಹೇಗೆ ಎಡವುತ್ತದೆ ಎಂಬುದಕ್ಕೆ ಅಮರ್ತ್ಯ ಸೇನರ ಹೆಸರು ಸಾಕ್ಷಿ. ಮರ್ತ್ಯ ಎಂದರೆ ಸಾವುಳ್ಳವನು, ಅಮರ್ತ್ಯ ಎಂದರೆ ಸಾವಿಲ್ಲದವನು. ಮಗುವಿಗೆ ಆ ಹೆಸರು ಆರಿಸಿಕೊಟ್ಟವರು ರವೀಂದ್ರನಾಥರು. ಕನ್ನಡದಲ್ಲಿ ಅದು ಅಮರ್ಥ್ಯ ಸೇನ್ ಆಗಿ ಎಷ್ಟೋ ಸಲ ಅಚ್ಚಾಗಿದೆ. ಇಂಗ್ಲಿಷಿನಲ್ಲಿ ‘ಟಿ’ ಕಂಡರೆ ತ, ಥ, ಟ, ಠ ನಾಲ್ಕರಲ್ಲಿ ಯಾವುದೆಂದು ಗೊತ್ತಾಗದೆ, ಸಾಮರ್ಥ್ಯದ ನೆನಪಿನಲ್ಲಿ ಥಕಾರ ಒತ್ತಿದ್ದಾರೆ. ಮಹುವಾ ಮೊಯಿತ್ರಾ ಎಂದು ಬರೆಯುವ ಹೆಸರಿನಲ್ಲಿರುವುದು ಮೈತ್ರ. 2024ರ ಆಗಸ್ಟಿನಲ್ಲಿ ಯುವ ವೈದ್ಯೆಯ ಹತ್ಯೆಯಿಂದ ದೇಶವೇ ಕಲಕಿಹೋದಾಗ ಆಸ್ಪತ್ರೆಯ ಹೆಸರನ್ನು ಕೆಲವರು ಆರ್.ಜಿ. ಕರ್ ಎಂದರು, ಕೆಲವರು ಆರ್.ಜಿ. ಕಾರ್ ಎಂದರು. ಅದು ವೈದ್ಯ ರಾಧಾಗೋವಿಂದ ಕರ್ ಅವರ ಹೆಸರಿನ ಆಸ್ಪತ್ರೆ. ದೀರ್ಘ ಇಲ್ಲ.

ಹೆಸರಿನ ಅರ್ಥ ಹುಡುಕಿ ಬರೆದರೆ ಸಾಕು ಎನ್ನುವಂತಿಲ್ಲ, ಅಲ್ಲೂ ಅಪಾಯವಿದೆ. ರಾಮಕೃಷ್ಣರ ಪತ್ನಿಯನ್ನು ಕನ್ನಡದಲ್ಲಿ ಶಾರದಾದೇವಿ ಎನ್ನುತ್ತೇವೆ. ಬಂಗಾಳಿಯಲ್ಲಿ ಅವರು ಸಾರದಾ, ಸಾರವನ್ನು ಕೊಡುವವಳು. ಶೃಂಗೇರಿಯ ಶಾರದೆ ಮನಸ್ಸಿನಲ್ಲಿ ನೆಲೆಸಿರುವ ನಾಡಿಗೆ ಆ ಹೆಸರು ಶಾರದಾ ಎಂದೇ ಕೇಳಿಸಿದ್ದು ಸಹಜ. ಭಕ್ತಿಯಿಂದ ನಿಂತ ಆ ರೂಪವನ್ನು ಈಗ ಕದಲಿಸುವ ಅಗತ್ಯವಿಲ್ಲ. ಆದರೆ 2013ರಲ್ಲಿ ಚಿಟ್ ಫಂಡ್ ಹಗರಣ ಹೊರಬಿದ್ದಾಗ ಅದೇ ಸಾರದಾ ಹೆಸರಿನ ಕಂಪನಿಯನ್ನು ಶಾರದಾ ಎಂದು ಬರೆದದ್ದಕ್ಕೆ ಭಕ್ತಿಯ ಕಾರಣವಿಲ್ಲ. ಊಹೆಯೂ ಬೇಡ, ಇಂಗ್ಲಿಷೂ ಬೇಡ; ಮೂಲದ ಕಾಗುಣಿತ ನೋಡಬೇಕು.

ಊರಿನ ಹೆಸರೇ ಇನ್ನೂ ಇತ್ಯರ್ಥವಾಗಿಲ್ಲ. 2001ರಲ್ಲಿ ಕಲ್ಕತ್ತಾದ ಇಂಗ್ಲಿಷ್ ಹೆಸರು ಅಧಿಕೃತವಾಗಿ ಬದಲಾಯಿತು. ಅಂದಿನಿಂದ ಕನ್ನಡದಲ್ಲಿ ಕೋಲ್ಕತ್ತ, ಕೋಲ್ಕತಾ, ಕೊಲ್ಕತ್ತಾ, ಕೋಲ್ಕೊತಾ ಎಲ್ಲವೂ ನಡೆಯುತ್ತಿವೆ. ಬಂಗಾಳದವರ ಬಾಯಲ್ಲಿ ಅದು ಕೊಲ್ಕಾತಾ. ಮೊದಲ ಅಕ್ಷರ ಹ್ರಸ್ವ, ನಡುವೆ ಕಾ ದೀರ್ಘ, ತಕಾರಕ್ಕೆ ಒತ್ತಿಲ್ಲ. ಕೋಲ್ಕತ್ತ ಎಂಬ ಬರಹದಲ್ಲಿ ಹ್ರಸ್ವ ದೀರ್ಘವಾಗಿದೆ, ದೀರ್ಘ ಹ್ರಸ್ವವಾಗಿದೆ, ಹಳೆಯ ಕಲ್ಕತ್ತೆಯ ಒತ್ತು ಬಂದು ಕೊನೆಗೆ ಕೂತಿದೆ. ಅದಕ್ಕಿಂತ ಅಜ್ಜ ಅಜ್ಜಿಯರು ಹೇಳುತ್ತಿದ್ದ ಕಲ್ಕತ್ತೆಯೇ ಹೆಚ್ಚು ಕನ್ನಡದ್ದು. ಹಾಗಿದ್ದರೂ ಬಳಕೆಯಲ್ಲಿ ನೆಲೆ ನಿಂತ ಕೋಲ್ಕತ್ತವನ್ನೇ ಈ ಲೇಖನ ಬಳಸಿದೆ. ಒಂದು ಪತ್ರಿಕೆ ಒಂದು ರೂಪವನ್ನು ಆರಿಸಿ ಅದಕ್ಕೆ ಅಂಟಿಕೊಂಡರೆ ಓದುಗನಿಗೆ ಅಷ್ಟು ಸಾಕು. ಒಂದೇ ದಿನದ ಮುಖಪುಟದಲ್ಲಿ ಒಂದು, ಕ್ರೀಡಾಪುಟದಲ್ಲಿ ಇನ್ನೊಂದು ಆಗಬಾರದು. ಜೊತೆಗೆ, ಹೈಕೋರ್ಟು ಮತ್ತು ವಿಶ್ವವಿದ್ಯಾಲಯ ಇಂದಿಗೂ ತಮ್ಮ ಇಂಗ್ಲಿಷ್ ಹೆಸರಿನಲ್ಲಿ ಕಲ್ಕತ್ತಾವನ್ನೇ ಉಳಿಸಿಕೊಂಡಿವೆ ಎಂಬುದು ನೆನಪಿರಬೇಕು.

ಇನ್ನು ವ್ಯಾಕರಣ. ಕನ್ನಡದ ಪದ ಅರ್ಧಾಕ್ಷರದಲ್ಲಿ ನಿಲ್ಲುವುದು ಅದರ ಜಾಯಮಾನಕ್ಕೆ ಒಗ್ಗಿದ್ದಲ್ಲ. ಅದಕ್ಕೇ ಬಸ್ ಬಸ್ಸಾಯಿತು, ರೋಡ್ ರೋಡಾಯಿತು. ಕಾಳಿಘಾಟ್‌ಗೆ ವಿಭಕ್ತಿ ಹಚ್ಚುವಾಗ ಏನಾಗುತ್ತದೆ ನೋಡಿ. ಬೆರಳಚ್ಚಿನಲ್ಲಿ ಎಚ್ಚರ ತಪ್ಪಿದರೆ ‘ಕಾಳಿಘಾಟ್ನಲ್ಲಿ’ ಎಂದಾಗಿ ಟಕಾರದ ಕೆಳಗೆ ನಕಾರದ ಒತ್ತು ಜೋತುಬೀಳುತ್ತದೆ. ಅದನ್ನು ತಪ್ಪಿಸಲು ಕಣ್ಣಿಗೆ ಕಾಣದ ಒಂದು ತಡೆಚಿಹ್ನೆ ಒತ್ತಬೇಕು. ಅವಸರದಲ್ಲಿ ಅದು ತಪ್ಪಿಹೋಗುತ್ತದೆ. ಕಾಳಿಘಾಟಿನಲ್ಲಿ ಎಂದು ಬರೆದರೆ ತಡೆಚಿಹ್ನೆಯೂ ಬೇಡ, ಒತ್ತಿನ ಗೋಜಲೂ ಇಲ್ಲ, ಓದುವ ನಾಲಗೆಗೂ ಹಿತ. ಘಟ್ಟ, ಘಾಟಿ ಎಂಬ ಹತ್ತಿರದ ನೆಂಟರು ಕನ್ನಡದಲ್ಲೇ ಇದ್ದಾರೆ. ಆದರೆ ನಮ್ಮ ಘಾಟಿ ಶಿರಾಡಿ, ಚಾರ್ಮಾಡಿಯ ಬೆಟ್ಟದ ದಾರಿ. ಕಾಳಿಘಾಟಿನದ್ದು ನದಿಯ ಮೆಟ್ಟಿಲು, ಸ್ನಾನಘಟ್ಟ. ಹೂಗ್ಲಿಯ ಹಳೆಯ ಪಾತ್ರವಾದ ಆದಿಗಂಗೆ ಈಗ ಸೊರಗಿ ಕಾಲುವೆಯಾಗಿದೆ. ಅಲ್ಲಿ ಈಗಿರುವ ಕಾಳಿ ದೇವಾಲಯ 1809ರಲ್ಲಿ ಪೂರ್ಣಗೊಂಡಿತು.

ಆ ದೇವಾಲಯದ ಮುಂದೆ ಬಂಗಾಳಿ ಹೊಸ ವರ್ಷದ ಬೆಳಗ್ಗೆ ವ್ಯಾಪಾರಿಗಳು ಹೊಸ ಲೆಕ್ಕದ ಪುಸ್ತಕ ಹಿಡಿದು ಪೂಜೆಗೆ ಬರುತ್ತಾರೆ. ಕೆಂಪು ಬಟ್ಟೆಯ ರಟ್ಟಿನ ಪುಸ್ತಕದ ಮೊದಲ ಪುಟದಲ್ಲಿ ಸ್ವಸ್ತಿಕ ಬರೆಸಿಕೊಂಡು ಹೋಗುವುದು ಪದ್ಧತಿ. ಕನ್ನಡದ ವರದಿಯಲ್ಲಿ ಇದು ‘ಪೋಯಿಲಾ ಬೋಯಿಶಾಖ್’ ದಿನದ ‘ಹಲ್ಖಟಾ’ ಆಚರಣೆ ಎಂದಾದರೆ ಯಾರಿಗೆ ಏನು ತಿಳಿಯಬೇಕು? ಬೋಯಿಶಾಖ್ ಎಂದರೆ ನಮ್ಮ ವೈಶಾಖ. ಹಾಲ್‌ಖಾತಾದಲ್ಲಿರುವ ಹಾಲ್ ಎಂದರೆ ‘ಹಾಲಿ ಶಾಸಕ’ ಎನ್ನುವಾಗಿನ ಹಾಲಿ. ಖಾತಾ ಎಂದರೆ ಖಾತೆ. ಹಾಲಿ ವರ್ಷದ ಖಾತೆ. ಎರಡೂ ಮಾತು ಕನ್ನಡದ ಅಂಗಡಿಯಲ್ಲಿ, ಕಚೇರಿಯಲ್ಲಿ ದಿನವೂ ಓಡಾಡುವಂಥವು. ಕಾಳಿಘಾಟಿನ ಪಟುವಾಗಳು 19ನೇ ಶತಮಾನದಲ್ಲಿ ಯಾತ್ರಿಕರಿಗೆ ಮಾರಲು ಬರೆದ ಚಿತ್ರಗಳನ್ನು ‘ಪಟ’ ಎನ್ನುತ್ತಾರೆ. ನಮ್ಮ ಗಾಳಿಪಟದ, ಗೋಡೆಯ ಮೇಲಿನ ದೇವರ ಪಟದ ಅದೇ ಪಟ. ಆ ಶೈಲಿಯಿಂದ ಕಲಿತು ದೊಡ್ಡ ಕಲಾವಿದರಾದ ಜಾಮಿನಿ ರಾಯ್ ಅವರ ಹೆಸರು ಯಾಮಿನಿ, ರಾತ್ರಿ ಎಂಬ ಅರ್ಥದ್ದು. ಬಂಗಾಳದ ಉಚ್ಚಾರದಂತೆ ಜಾಮಿನಿ ಎಂದೇ ಬರೆಯಲಿ, ಅಡ್ಡಿಯಿಲ್ಲ. ಜಾಮೀನಿ ಎಂದು ದೀರ್ಘ ಎಳೆದು ನ್ಯಾಯಾಲಯಕ್ಕೆ ಕಳಿಸಬಾರದು.

ಈ ಬೇಡಿಕೆ ಹೆಚ್ಚಾಯಿತು ಎನ್ನುವವರಿದ್ದಾರೆ. ಆಡುಮಾತಿನಲ್ಲಿ ಮಹಾಪ್ರಾಣವೇ ಇಲ್ಲದಿರುವಾಗ ಶುಭೇಂದು ಆದರೇನು, ಸುಬೇಂದು ಆದರೇನು ಎಂಬ ಪ್ರಶ್ನೆಗೆ ಬೆಲೆಯಿದೆ. ಭಾಷಾವಿಜ್ಞಾನಿ ಡಿ.ಎನ್. ಶಂಕರ ಬಟ್ ಅವರು ಕನ್ನಡ ಬರಹದಿಂದ ಮಹಾಪ್ರಾಣಗಳನ್ನು ಬಿಡಬಹುದೆಂದು ವಾದಿಸಿದರು, ತಮ್ಮ ಹೆಸರನ್ನೂ ಹಾಗೆಯೇ ಬರೆದುಕೊಂಡರು. ಅವರ ವಾದವನ್ನು ಒಪ್ಪದವರೂ ಅವರ ಹೆಸರನ್ನು ಬಟ್ ಎಂದೇ ಬರೆಯುತ್ತಾರೆ. ಹೆಸರು ಅದನ್ನು ಹೊತ್ತವರದ್ದು ಎಂಬ ಗೌರವ ಅದು. ಅದೇ ಗೌರವ ಬಂಗಾಳದವರಿಗೂ ಸಲ್ಲಬೇಕು. ಇನ್ನೊಂದು ಆಕ್ಷೇಪ: ಮಮತಾ ಅವರು ಬಂಗಾಳಿಯಲ್ಲಿ ಬಂದ್ಯೋಪಾಧ್ಯಾಯ, ಹಾಗೆಂದು ಕನ್ನಡದಲ್ಲೂ ಬರೆಯಬೇಕೆ? ಬೇಡ. ಬ್ಯಾನರ್ಜಿ, ಮುಖರ್ಜಿ, ಚಟರ್ಜಿ ರೂಪಗಳನ್ನು ಬಂಗಾಳದವರೇ ಇಂಗ್ಲಿಷಿನಲ್ಲಿ ಒಪ್ಪಿ ಬಳಸುತ್ತಾರೆ, ಕನ್ನಡದಲ್ಲಿ ಅವು ಊರಿವೆ. ಬೋಸ್ ಕೂಡ ಇರಲಿ. ಟ್ಯಾಗೋರ್, ಠಾಗೋರ್, ಟಾಗೋರ್ ಮೂರರಲ್ಲಿ ಒಂದನ್ನು ಉಳಿಸಿಕೊಂಡರೆ ಸಾಕು, ಠಾಕೂರರನ್ನೇ ತರಬೇಕೆಂಬ ಹಟವಿಲ್ಲ.

ಕನ್ನಡಿಗರಿಗೆ ತಮ್ಮ ಹೆಸರಿನ ವಿಷಯದಲ್ಲಿ ಈ ಸೂಕ್ಷ್ಮ ಚೆನ್ನಾಗಿ ಗೊತ್ತು. ‘ಕನ್ನಡ್’ ಎಂದು ಉತ್ತರದವರು ಹೇಳಿದರೆ ಮೈ ಉರಿಯುತ್ತದೆ. 2014ರ ನವೆಂಬರ್ 1ರಂದು ಬೆಂಗಳೂರು, ಮೈಸೂರು, ಬೆಳಗಾವಿ, ಕಲಬುರಗಿ ಸೇರಿ 12 ನಗರಗಳ ಇಂಗ್ಲಿಷ್ ಹೆಸರನ್ನು ಕನ್ನಡದ ಉಚ್ಚಾರಕ್ಕೆ ತಕ್ಕಂತೆ ತಿದ್ದಿಸಿಕೊಂಡದ್ದು ಇದೇ ಕಾರಣಕ್ಕೆ. ಬಂಗಾಳಿ ಪತ್ರಿಕೆಗಳು ಸಿದ್ದರಾಮಯ್ಯ ಅವರನ್ನು ಇಂಗ್ಲಿಷಿನಿಂದ ಓದಿ ಸಿದ್ದಾರಾಮಾಇಯಾ ಎಂದು ಬರೆಯುತ್ತವೆ. ಅದನ್ನು ಕಂಡು ನಮಗೆ ಬೇಸರವಾಗುವುದಾದರೆ, ಋದ್ಧಿಮಾನ್ ವೃದ್ಧಿಮಾನ್ ಆದಾಗ ಬಂಗಾಳದವನಿಗೆ ಆಗುವುದೂ ಅದೇ. ಮನೆಯೊಳಗೂ ಇದರ ಪೆಟ್ಟು ಬಿದ್ದಿದೆ. ಇಂಗ್ಲಿಷಿನಲ್ಲಿ ಒತ್ತಿದ ಹೆಸರನ್ನು ಯಂತ್ರ ಕನ್ನಡಕ್ಕೆ ತಿರುಗಿಸಿದಾಗ ಆಧಾರ್ ಚೀಟಿಯಲ್ಲಿ ಒಂದು ಹೆಸರು, ಪಹಣಿಯಲ್ಲಿ ಇನ್ನೊಂದು ಹೆಸರು ಆಗಿ, ತಿದ್ದುಪಡಿಗೆ ರೈತರು ನಾಡಕಚೇರಿಗೆ ಅಲೆಯುತ್ತಾರೆ.

ಬಂಗಾಳದವರು ತಮ್ಮ ಕಾಗುಣಿತಕ್ಕಾಗಿ ಮಾಡಿದ ಕೆಲಸ ಕಲಿಯಬೇಕಾದದ್ದು. ಕಲ್ಕತ್ತಾ ವಿಶ್ವವಿದ್ಯಾಲಯ ರಾಜಶೇಖರ ಬಸು ಅವರ ಅಧ್ಯಕ್ಷತೆಯ ಸಮಿತಿಯಿಂದ 1936ರಲ್ಲಿ ಬಂಗಾಳಿ ಕಾಗುಣಿತದ ನಿಯಮ ಹೊರತಂದಿತು. ರವೀಂದ್ರನಾಥರೂ ಶರಚ್ಚಂದ್ರರೂ ಅದಕ್ಕೆ ಒಪ್ಪಿಗೆ ಕೊಟ್ಟರು. ಅರ್ಕಾವತ್ತಿನ ಜೊತೆ ವ್ಯಂಜನವನ್ನು ಇಮ್ಮಡಿಸಿ ಧರ್ಮ್ಮ, ಕರ್ಮ್ಮ ಎಂದು ಬರೆಯುವ ಹಳೆಯ ರೂಢಿ ಅಂದು ಬಿಟ್ಟುಹೋಯಿತು. ಹಳಗನ್ನಡ ಶಾಸನಗಳಲ್ಲೂ ಅದೇ ಇಮ್ಮಡಿ ಕಾಣುತ್ತದೆ. ಆನಂದಬಾಜಾರ್ ಪತ್ರಿಕೆ ತನ್ನ ಬರಹಗಾರರಿಗೆ ಏನು ಬರೆಯಬೇಕು, ಏಕೆ ಬರೆಯಬೇಕು ಎಂದು ತಿಳಿಸುವ ಕೈಪಿಡಿಯನ್ನೇ ತಂದಿತು. ಸಂಪಾದಿಸಿದವರು ಕವಿ ನೀರೇಂದ್ರನಾಥ ಚಕ್ರವರ್ತಿ.

ಕನ್ನಡದ ಸುದ್ದಿಮನೆಗಳಲ್ಲೂ ಶೈಲಿಯ ಪಟ್ಟಿಗಳಿವೆ. ಅವುಗಳಲ್ಲಿ ನೆರೆಯ ಭಾಷೆಗಳ ಹೆಸರಿಗೆ ಒಂದಿಷ್ಟು ಪುಟ ಸೇರಬೇಕು. ಬಂಗಾಳದ ಸಚಿವರು, ಶಾಸಕರು, ಆಟಗಾರರು, ಊರುಗಳು ಸೇರಿ ಪದೇ ಪದೇ ಬರುವ ಹೆಸರು ಕೆಲವು ನೂರು ಇರಬಹುದು. ಬಂಗಾಳಿ ಅಕ್ಷರ ಬಲ್ಲ ಒಬ್ಬರು ಕೂತರೆ ಕೆಲವು ದಿನದ ಕೆಲಸ. ಕೂಡಲೇ ಎಲ್ಲ ಬದಲಾಗದಿದ್ದರೂ ಹೊಸದಾಗಿ ಸುದ್ದಿಗೆ ಬರುವ ಹೆಸರನ್ನಾದರೂ ಮೊದಲ ದಿನವೇ ಸರಿಯಾಗಿ ಬರೆಯಬಹುದು, ಮೊದಲ ದಿನ ತಪ್ಪಿದ್ದು ಮತ್ತೆ ತಿದ್ದುವುದಕ್ಕೆ ಸಿಗುವುದಿಲ್ಲ. ಈಗ ಸುದ್ದಿಯ ಅನುವಾದವನ್ನೂ ಯಂತ್ರಕ್ಕೆ ಒಪ್ಪಿಸುವ ಕಾಲ. ಆ ಯಂತ್ರ ಕಲಿಯುವುದು ಇಂದಿನ ಪತ್ರಿಕೆಗಳಿಂದ. ಇಂದು ಅಚ್ಚಾಗುವ ಪ್ರತಿ ತಪ್ಪನ್ನೂ ಅದು ನಾಳೆ ಸಾವಿರ ಸಲ ಬರೆಯುತ್ತದೆ.

ಓದುಗರ ಪಾಲೂ ಇದರಲ್ಲಿದೆ. ಕೋಟ್ಯಂತರ ಕೋಟ್ಯಾಂತರವಾದರೆ, ಜಾತ್ಯತೀತ ಜಾತ್ಯಾತೀತವಾದರೆ, ಶುಭಾಶಯ ಶುಭಾಷಯವಾದರೆ ಪತ್ರ ಬರೆದು ತಿದ್ದುವ ಓದುಗರು ಕನ್ನಡಕ್ಕೆ ಮೊದಲಿನಿಂದಲೂ ಇದ್ದಾರೆ. ಜಿ. ವೆಂಕಟಸುಬ್ಬಯ್ಯನವರ ‘ಇಗೋ ಕನ್ನಡ’ ಅಂಕಣ ಬೆಳೆದದ್ದೇ ಅಂಥವರ ಪ್ರಶ್ನೆಗಳಿಂದ. ಆ ಓದುಗರು ಇನ್ನು ಮುಂದೆ ಹೆಸರುಗಳನ್ನೂ ಹಿಡಿದು ಕೇಳಬೇಕು. ಕೋಲ್ಕತ್ತದಲ್ಲಿ ನೆಲೆಸಿದ, ಬಂಗಾಳಿ ಓದಬಲ್ಲ ಕನ್ನಡಿಗರು ಈ ಕೆಲಸಕ್ಕೆ ಎಲ್ಲರಿಗಿಂತ ತಕ್ಕವರು. ಸುವೇಂದು, ಅಮರ್ಥ್ಯ, ವೃದ್ಧಿಮಾನ್ ಎಂದು ಮತ್ತೆ ಕಂಡ ದಿನ ಸಂಪಾದಕರಿಗೆ ನಾಲ್ಕು ಸಾಲು ಬರೆಯಿರಿ, ಬಂಗಾಳಿಯ ಕಾಗುಣಿತವನ್ನು ಕನ್ನಡದ ಅಕ್ಷರಗಳಲ್ಲಿ ಬಿಡಿಸಿ ಕಳಿಸಿ.